ಬೆಂಕಿಯ ಹೊಣೆ: ಸುಟ್ಟಗಾಯಗಳೂ ಪರಿಹಾರದ ನ್ಯಾಯವೂ

ಪುಣೆಯಿಂದ ಹೊರಟು ಸಾತಾರಾ, ಕೊಲ್ಹಾಪುರ, ಬೆಳಗಾವಿಗಳನ್ನು ಹಾಯ್ದು ಬೆಂಗಳೂರನ್ನು ಸೇರುವ ಹೆದ್ದಾರಿಯು ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ತವರಿನ ದಾರಿ. ಈ ದಾರಿಯಲ್ಲಿ, ಸಾತಾರಾ ಜಿಲ್ಲೆಯ ಕವಠೆ ಗ್ರಾಮದ ಬಳಿ, 1987ನೆಯ ಇಸವಿ ಅಕ್ಟೋಬರ್ 29ರ ಬೆಳಗಿನ ಜಾವ ಸುಮಾರು ಮೂರು ಗಂಟೆಗೆ, ಬೆಂಗಳೂರಿನ ಕಡೆಗೆ ಸಾಗುತ್ತಿದ್ದ ಪೆಟ್ರೋಲ್ ಟ್ಯಾಂಕರೊಂದಕ್ಕೂ ಎದುರಿನಿಂದ ಬಂದ ಲಾರಿಗೂ ಡಿಕ್ಕಿಯಾಯಿತು. ಟ್ಯಾಂಕರು ರಸ್ತೆಯನ್ನು ಬಿಟ್ಟು ಸುಮಾರು ಇಪ್ಪತ್ತು ಅಡಿಗಳಾಚೆ ಮಗುಚಿಬಿದ್ದಿತು. ಪೆಟ್ರೋಲು ಸೋರಿ ಮಡುಗಟ್ಟಿತು. ಬೆಳಕು ಹರಿದ ಮೇಲೆ ಜನರು ಅಲ್ಲಿ ನೆರೆದರು. ಏಳೂಕಾಲು ಗಂಟೆಯ ಹೊತ್ತಿಗೆ ಟ್ಯಾಂಕರು ಸಿಡಿದು ಹೊತ್ತಿಕೊಂಡಿತು. ಸುತ್ತ ನಿಂತಿದ್ದವರಲ್ಲಿ ಅನೇಕರು ಬೆಂದರು; ಕೆಲವರು ಆ ಗಾಯಗಳಿಂದಲೇ ಅಸುನೀಗಿದರು.

ಈ ಸಾವುನೋವುಗಳ ಹೊಣೆ ಯಾರದು? ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಈ ಪ್ರಶ್ನೆಯನ್ನಿಟ್ಟಳು. ತಪ್ಪು ಯಾರದೆಂಬುದನ್ನು ಸ್ಥಾಪಿಸದೆಯೇ, ಸತ್ತವರಿಗಾಗಿ 15,000 ರೂಪಾಯಿಗಳನ್ನು ಕೊಡತಕ್ಕದ್ದೆಂಬ ವಿಧಿಯು 1982ರಲ್ಲಿ ಅಂದಿನ ಮೋಟಾರು ವಾಹನ ಕಾಯಿದೆಗೆ ಸೇರಿದ್ದಿತು. ಆಕೆ ಮೊದಲು ಬೇಡಿದ್ದು ಅಷ್ಟನ್ನೇ. ನ್ಯಾಯಮಂಡಳಿಯು ಅದನ್ನೂ ನಿರಾಕರಿಸಿತು. ಡಿಕ್ಕಿಯೊಂದು ಘಟನೆ, ಸಿಡಿತ ಇನ್ನೊಂದು. ಯಾರೋ ಪೆಟ್ರೋಲನ್ನು ಕದಿಯಹೋದುದರಿಂದ ಎರಡನೆಯದು ಸಂಭವಿಸಿತು ಎಂಬುದು ಅದರ ಅಭಿಪ್ರಾಯವಾಗಿತ್ತು. ಮುಂಬಯಿಯ ಉಚ್ಚ ನ್ಯಾಯಾಲಯವು ಇದನ್ನೊಪ್ಪಲಿಲ್ಲ. ಟ್ಯಾಂಕರಿನ ಒಡೆಯನು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದನು. ಬಿದ್ದುಕೊಂಡಿರುವ ವಾಹನವು 'ಉಪಯೋಗ'ದಲ್ಲಿರುವ ವಾಹನವಲ್ಲವೆಂಬುದು ಅವನ ವಾದಗಳಲ್ಲೊಂದು.

1991ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪು ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ವಾಹನವು ಚಲಿಸುತ್ತಿರುವಾಗ ಮಾತ್ರವಲ್ಲ, ಕೆಟ್ಟು ನಿಂತಾಗಲೂ, ಅಪಘಾತದಿಂದ ಬಿದ್ದಾಗಲೂ ಅದು ಉಪಯೋಗದಲ್ಲಿರುತ್ತದೆ ಎಂಬುದು ಮೊದಲನೆಯದು. 'ವಾಹನವೇ ಉಂಟುಮಾಡಿದ' ಎಂಬುದಕ್ಕಿಂತ 'ವಾಹನದ ಉಪಯೋಗದಿಂದ ಒದಗಿದ' ಎಂಬ ಮಾತು ಹೆಚ್ಚು ವಿಶಾಲವಾದುದು, ಅಲ್ಲಿ ಕಾರಣಕ್ಕೂ ಕಾರ್ಯಕ್ಕೂ ನೇರವಾದ ನಂಟೇ ಬೇಕೆಂದಿಲ್ಲ ಎಂಬುದು ಎರಡನೆಯದು. ಪೆಟ್ರೋಲು ಸುರಿದುಕೊಂಡಿರುವ ಟ್ಯಾಂಕರನ್ನು ನಾಲ್ಕು ಗಂಟೆಗಳಿಗೂ ಮಿಕ್ಕಿ ಕಾವಲಿಲ್ಲದೆ ಬಿಟ್ಟವರು, ಮುಂದಿನ ಅನರ್ಥವು ತಮಗೆ ಸಂಬಂಧಿಸಿದುದಲ್ಲವೆಂದು ಹೇಳಲಾರರು. ಅಂದರೆ ನ್ಯಾಯವು ಕೇಳುವ ಮುಖ್ಯಪ್ರಶ್ನೆ 'ಕಿಡಿ ಯಾರದು?' ಎಂಬುದಲ್ಲ, 'ಹೊತ್ತಿಕೊಳ್ಳಬಲ್ಲ ವಸ್ತುವನ್ನು ಅಲ್ಲಿಗೆ ತಂದವರಾರು, ಅದನ್ನು ಕಾಯಬೇಕಾಗಿದ್ದವರಾರು?' ಎಂಬುದು. ಸುಟ್ಟಗಾಯಗಳ ಪರಿಹಾರಕ್ಕೆ ಸಂಬಂಧಿಸಿದ ವಿಚಾರವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆಯೆಂದರೆ ತಪ್ಪಾಗಲಾರದು.

ಈ ತತ್ತ್ವದ ಮೂಲವು ಹಳೆಯದು. ತನ್ನ ನೆಲದಲ್ಲಿ ಅಪಾಯಕರವಾದ ವಸ್ತುವನ್ನು ಕೂಡಿಟ್ಟವನು, ಅದು ತಪ್ಪಿಸಿಕೊಂಡು ನೆರೆಯವನಿಗೆ ಹಾನಿ ಮಾಡಿದರೆ, ಅಜಾಗರೂಕತೆ ಇಲ್ಲದಿದ್ದರೂ ಹೊಣೆಗಾರನೆಂದು ಇಂಗ್ಲೆಂಡಿನ ಪ್ರಭುಸಭೆಯು 1868ರಲ್ಲಿ ನಿರ್ಣಯಿಸಿತ್ತು. ಆದರೆ ದೈವಕೃತ್ಯ, ಪರಕೃತ್ಯ ಮೊದಲಾದ ವಿನಾಯಿತಿಗಳೂ ಆ ನಿಯಮದ ಜೊತೆಗೆ ಬೆಳೆದವು. ದೆಹಲಿಯ ಕಾರ್ಖಾನೆಯೊಂದರಿಂದ 1985ರ ಡಿಸೆಂಬರಿನಲ್ಲಿ ಓಲಿಯಂ ಅನಿಲವು ಸೋರಿದಾಗ, ಈ ವಿನಾಯಿತಿಗಳು ನಮ್ಮ ದೇಶಕ್ಕೆ ತಕ್ಕವೇ ಎಂಬ ಪ್ರಶ್ನೆಯೆದ್ದಿತು. ಮುಖ್ಯ ನ್ಯಾಯಾಧೀಶ ಪಿ. ಎನ್. ಭಗವತಿಯವರ ಪೀಠವು 1986ರ ಡಿಸೆಂಬರ್ 20ರಂದು, ಅಪಾಯಕರವಾದ ಉದ್ಯಮವನ್ನು ನಡೆಸುವವರ ಹೊಣೆಗೆ ಯಾವ ವಿನಾಯಿತಿಯೂ ಇಲ್ಲವೆಂದು ಸಾರಿತು. ಉದ್ಯಮವು ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕೆಂಬ ಮಾತೂ ಆ ತೀರ್ಪಿನಲ್ಲುಂಟು. ವಿದ್ಯುತ್ತಿಗೂ ಇಂಥದೇ ನ್ಯಾಯವು ಅನ್ವಯಿಸಿತು. 1997ರಲ್ಲಿ ಜಬಲ್ಪುರದ ಬೀದಿಯಲ್ಲಿ ಬಿದ್ದಿದ್ದ ತಂತಿಯಿಂದ ದಾರಿಹೋಕನೊಬ್ಬನು ಸತ್ತ ಮೊಕದ್ದಮೆಯಲ್ಲಿ, ಯಾರೋ ಕದ್ದು ಎಳೆದ ತಂತಿಯದು ಎಂಬ ವಿದ್ಯುತ್ ಮಂಡಳಿಯ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತಳ್ಳಿಹಾಕಿತು.

ಹೊಣೆಯು ಒಬ್ಬನದೇ ಆಗಿರಬೇಕೆಂಬ ನಿಯಮವೂ ಇಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತು 103 ಮಂದಿ ಗಾಯಗೊಂಡರು. ಕೆಳಗಿನ ಅಂತಸ್ತಿನ ವಿದ್ಯುತ್ ಪರಿವರ್ತಕದಿಂದ ಬೆಂಕಿ ಹೊರಟಿತು. ಆದರೆ ಮೇಲಿನ ಬಾಲ್ಕನಿಯಲ್ಲಿ ಹೆಚ್ಚಿನ ಆಸನಗಳಿಗಾಗಿ ಹಾದಿಯನ್ನು ಮುಚ್ಚಿದ್ದರಿಂದಲೇ ಜನರು ಹೊಗೆಯಿಂದ ಪಾರಾಗದಾದರು. 2011ರ ಅಕ್ಟೋಬರ್ 13ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹಾರದ ಭಾರದಲ್ಲಿ ನೂರಕ್ಕೆ 85 ಪಾಲನ್ನು ಚಿತ್ರಮಂದಿರದ ಪರವಾನಗಿದಾರರ ಮೇಲೂ 15 ಪಾಲನ್ನು ದೆಹಲಿಯ ವಿದ್ಯುತ್ ಮಂಡಳಿಯ ಮೇಲೂ ಹೊರಿಸಿತು. ಬೆಂಕಿ ಹುಟ್ಟಿದ ಸ್ಥಳಕ್ಕಿಂತ ಬಾಗಿಲು ಮುಚ್ಚಿದ ಸ್ಥಳಕ್ಕೆ ಹೆಚ್ಚಿನ ಹೊಣೆ ಬಂದುದು ಇಲ್ಲಿ ಗಮನಿಸತಕ್ಕ ಅಂಶ. ಗಾಯಗೊಂಡವರಿಗಾದರೋ ತಲಾ ಒಂದು ಲಕ್ಷ ರೂಪಾಯಿಗಳ ಸಮಪಾಲಷ್ಟೇ ದೊರೆಯಿತು.

ಸಮಪಾಲು ನ್ಯಾಯವೇ ಎಂಬ ಸಂದೇಹವು ಇಲ್ಲಿ ಸಹಜವಾಗಿ ಏಳುತ್ತದೆ. ವೈದ್ಯರು ಸುಟ್ಟಗಾಯವನ್ನು ಅಳೆಯಲು ಶರೀರದ ಮೈಯನ್ನು ಒಂಬತ್ತರ ಪಾಲುಗಳಾಗಿ ಹಂಚುತ್ತಾರೆ: ತಲೆಗೆ 9, ಒಂದೊಂದು ತೋಳಿಗೆ 9, ಒಂದೊಂದು ಕಾಲಿಗೆ 18, ಮುಂಡದ ಮುಂದಕ್ಕೆ 18, ಹಿಂದಕ್ಕೆ 18, ಉಳಿದುದು 1. ಜೀವವು ಉಳಿಯುವುದೇ, ಎಷ್ಟು ದ್ರವವನ್ನು ಊಡಬೇಕು ಎಂಬುದನ್ನು ತಿಳಿಯಲು ಈ ಲೆಕ್ಕವು ಉಪಯುಕ್ತ. ಬದುಕಿನ ನಷ್ಟವನ್ನು ಅಳೆಯಲು ಅದು ಸಾಲದು. ಒಂದು ಅಂಗೈ ಶರೀರದ ನೂರರಲ್ಲಿ ಒಂದು ಪಾಲಿಗಿಂತ ದೊಡ್ಡದಲ್ಲ. ಆದರೆ ಬಡಗಿಯ ಅಂಗೈ ಬೆಂದು ಬೆರಳುಗಳು ಮುದುಡಿದರೆ ಅವನ ಕಸುಬೇ ಹೋಯಿತು. ಸರ್ವೋಚ್ಚ ನ್ಯಾಯಾಲಯವು 2010ರ ತೀರ್ಪೊಂದರಲ್ಲಿ ಈ ಭೇದವನ್ನೇ ವಿವರಿಸಿದೆ. ಅಂಗದ ಊನವು ಎಷ್ಟು ಪಾಲೆಂದು ವೈದ್ಯರು ಹೇಳಬೇಕು. ಅದರಿಂದ ಗಳಿಸುವ ಶಕ್ತಿಯು ಎಷ್ಟು ಕುಂದಿತೆಂದು ಆ ಮನುಷ್ಯನ ವೃತ್ತಿಯನ್ನೂ ವಯಸ್ಸನ್ನೂ ನೋಡಿ ನ್ಯಾಯಮಂಡಳಿಯು ನಿರ್ಣಯಿಸಬೇಕು. ಇದರ ಮೇಲೆ ಚಿಕಿತ್ಸೆಯ ವೆಚ್ಚ, ಹಾಸಿಗೆ ಹಿಡಿದ ದಿನಗಳ ಸಂಪಾದನೆ, ಮುಂದಿನ ಚಿಕಿತ್ಸೆ, ನೋವು, ಬಾಳಿನ ಸೌಖ್ಯದ ನಷ್ಟ ಇವು ಬೇರೆ.

'ಮುಂದಿನ ಚಿಕಿತ್ಸೆ' ಎಂಬ ಮಾತು ಸುಟ್ಟಗಾಯದಲ್ಲಿ ವಿಶೇಷ ಅರ್ಥವುಳ್ಳದ್ದು. ಮುರಿದ ಎಲುಬು ಕೂಡಿಕೊಂಡರೆ ಕೆಲಸ ಮುಗಿಯಬಹುದು. ಆಳವಾಗಿ ಬೆಂದ ಚರ್ಮವು ಮಾಯ್ದ ಮೇಲೆಯೇ ಕಲೆಯು ದಪ್ಪವಾಗಿ, ಬಿಗಿದು, ಕೀಲುಗಳನ್ನು ಎಳೆಯತೊಡಗುತ್ತದೆ. ಈ ಬದಲಾವಣೆಯು ವರ್ಷಕ್ಕೂ ಮಿಕ್ಕಿ ನಡೆಯುವುದುಂಟು. ಬೆಳೆಯುವ ಮಗುವಿನ ಕಲೆಯು ಮೈಯೊಡನೆ ಬೆಳೆಯದುದರಿಂದ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆದುದರಿಂದ ಗಾಯ ಮಾಯ್ದೊಡನೆ ಅವಸರದಿಂದ ರಾಜಿಪತ್ರಕ್ಕೆ ರುಜು ಹಾಕುವುದು ವಿವೇಕವಲ್ಲ. ಮುಖದ ವಿಷಯದಲ್ಲಿ ನಮ್ಮ ಶಾಸನವು ಬಹು ಹಿಂದೆಯೇ ಉದಾರವಾಗಿತ್ತು. ಕೆಲಸಗಾರರ ಪರಿಹಾರಕ್ಕೆಂದು 1923ರಲ್ಲಾದ ಕಾಯಿದೆಯ ಅನುಸೂಚಿಯು ಮುಖದ ಅತಿ ತೀವ್ರವಾದ ವಿರೂಪವನ್ನು ನೂರಕ್ಕೆ ನೂರು ಪಾಲು ನಷ್ಟವೆಂದೇ ಎಣಿಸಿತು. ಈಗ ಆ ವಿಷಯವೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿದೆ.

ಇನ್ನು ವ್ಯವಹಾರದ ಮಾತು. ವಾಹನದ ಬೆಂಕಿಗೆ ಮೋಟಾರು ಅಪಘಾತ ನ್ಯಾಯಮಂಡಳಿ. ಕೆಲಸದಲ್ಲಿ ಸುಟ್ಟುಕೊಂಡವರಿಗೆ ಉದ್ಯೋಗದಾತನ ಹೊಣೆ. ದೋಷವುಳ್ಳ ಒಲೆ, ಗೀಸರುಗಳಿಂದಾದ ಹಾನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಮನೆಯ ಅಡಿಗೆ ಅನಿಲದ ಅಪಘಾತಗಳಿಗೆ ತೈಲ ಕಂಪನಿಗಳು ವಿಮೆ ಮಾಡಿಸಿರುತ್ತವೆ. ಗ್ರಾಹಕನು ಅದಕ್ಕಾಗಿ ಪ್ರತ್ಯೇಕವಾಗಿ ಕಂತು ಕಟ್ಟಬೇಕಾಗಿಲ್ಲ. ಈ ಸಂಗತಿ ತಿಳಿಯದೆ ಬಿಟ್ಟುಕೊಡುವವರುಂಟು. ಅಂಥವರು ಕೂಡಲೇ ವಿತರಕನಿಗೆ ಬರಹದಲ್ಲಿ ತಿಳಿಸಬೇಕು. ತಪ್ಪನ್ನು ಸ್ಥಾಪಿಸದೆ ದೊರೆಯುವ ಮೋಟಾರು ಪರಿಹಾರವು 2022ರ ಏಪ್ರಿಲ್ 1ರಿಂದ ಸಾವಿಗೆ ಐದು ಲಕ್ಷ, ತೀವ್ರಗಾಯಕ್ಕೆ ಎರಡೂವರೆ ಲಕ್ಷವಾಗಿದೆ. ಅಂದೇ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಅವಧಿಯನ್ನು ವಿಧಿಸಿದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳ ಅವಧಿ. ಅರ್ಜಿಯನ್ನು ಅವಧಿಯೊಳಗೇ ಸಲ್ಲಿಸಬೇಕು. ರಾಜಿಗೆ ಮಾತ್ರ ಅವಸರಪಡಬಾರದು.

ನಮ್ಮಲ್ಲಿ ಅಗ್ನಿಸಾಕ್ಷಿಯಾಗಿ ಮದುವೆ ಮಾಡುವ ವಾಡಿಕೆಯುಂಟು. ನ್ಯಾಯಾಲಯದಲ್ಲಾದರೋ ಅಗ್ನಿಯು ಬಲು ಕೆಟ್ಟ ಸಾಕ್ಷಿ. ತಾನು ಬಂದ ದಾರಿಯನ್ನೇ ಸುಟ್ಟುಬಿಡುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಮೊಕದ್ದಮೆ ಹೂಡುವಾಗ ಪುರಾವೆ ಹುಡುಕಿದರೆ ಸಿಕ್ಕದು. ಮೊದಲ ಕೆಲಸವೇನೋ ಗಾಯವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ತೊಯ್ಯಿಸಿ ಆಸ್ಪತ್ರೆಗೆ ಸೇರಿಸುವುದೇ. ಆದರೆ ಮನೆಯಲ್ಲೊಬ್ಬರು ಅಂದಿನಿಂದಲೇ ಪೋಲೀಸರ ಪಂಚನಾಮೆ, ಅಗ್ನಿಶಾಮಕ ದಳದ ವರದಿ, ಗಾಯದ ಪ್ರಮಾಣಪತ್ರ, ಔಷಧದ ರಸೀತಿಗಳು, ತಿಂಗಳು ತಿಂಗಳ ಛಾಯಾಚಿತ್ರಗಳು ಇವನ್ನು ಕೂಡಿಡಬೇಕು. ಸುಟ್ಟ ನಳಿಕೆಯನ್ನೂ ರೆಗ್ಯುಲೇಟರನ್ನೂ ಗುಜರಿಗೆ ಹಾಕಬಾರದು. ವಿದ್ಯುತ್ತಿನ ಅಪಘಾತವಾದರೆ ವಿದ್ಯುತ್ ಪರಿವೀಕ್ಷಕರ ವಿಚಾರಣೆಯನ್ನು ಕೇಳಬೇಕು.

ಪರಿಹಾರವು ಬೆಂದ ಮೈಯನ್ನು ಮೊದಲಿನಂತೆ ಮಾಡಲಾರದು; ಅದನ್ನು ಭಿಕ್ಷೆಯೆಂದು ಬಗೆಯುವುದೂ ಸಲ್ಲದು. ಅದು ಒಂದು ಋಣದ ಸಂದಾಯ. ಕವಠೆಯ ಬಳಿ ಆ ಮುಂಜಾನೆ ಮೂರರಿಂದ ಏಳೂಕಾಲರವರೆಗೆ ಒಬ್ಬ ಕಾವಲುಗಾರನು ನಿಂತು ಜನರನ್ನು ದೂರವಿರಿಸಿದ್ದರೆ ಯಾವ ತಾಯಿಯೂ ದೆಹಲಿಯವರೆಗೆ ನ್ಯಾಯಕ್ಕಾಗಿ ಕಾಯಬೇಕಾಗಿರಲಿಲ್ಲ. ಹೊಣೆಯನ್ನು ಹಣದಿಂದ ಅಳೆಯುವ ಕಾನೂನಿನ ಕೊನೆಯ ಉದ್ದೇಶವೂ ಅದೇ ಅಲ್ಲವೆ? ಮುಂದಿನ ಟ್ಯಾಂಕರು ಮಗುಚಿದಾಗ ಆ ಕಾವಲುಗಾರನು ಅಲ್ಲಿ ನಿಂತಿರಬೇಕು.