ಬೇಸಿಗೆಗೆ ಮೇಲೇಳುವ ಊರುಗಳು

ಮೇ ತಿಂಗಳ ಸಂಜೆ ಶರಾವತಿ ಹಿನ್ನೀರಿನ ದಂಡೆಯಲ್ಲಿ ನಡೆಯುವುದೆಂದರೆ ನೀರು ಬಿಟ್ಟುಕೊಟ್ಟ ನೆಲದ ಮೇಲೆ ನಡೆಯುವುದು. ಸಾಗರ ತಾಲ್ಲೂಕಿನ ಹೊನ್ನೇಮರಡು ಬಳಿ ಆ ಹೊತ್ತಿಗೆ ನೀರು ಬಹಳ ದೂರ ಸರಿದಿರುತ್ತದೆ. ದಂಡೆಯುದ್ದಕ್ಕೂ ಕೆಮ್ಮಣ್ಣು, ನೀರು ಇಳಿಯುತ್ತ ಇಳಿಯುತ್ತ ಬರೆದಿಟ್ಟ ಗೆರೆಗಳು, ತೇವ ಉಳಿದಲ್ಲೆಲ್ಲ ಎಳೆ ಹುಲ್ಲು. ಮೇಯಲು ಬಂದ ದನಗಳು ಮನೆಯ ದಾರಿ ಹಿಡಿಯುವ ವೇಳೆಗೆ ನಡುಗಡ್ಡೆಗಳು ಒಂದೊಂದಾಗಿ ಹಸಿರು ಕಳೆದುಕೊಂಡು ಬರೀ ಕಪ್ಪು ಆಕಾರಗಳಾಗುತ್ತವೆ. ಆಕಾಶ ಕಂದಿದ ಮೇಲೂ ನೀರು ಇನ್ನಷ್ಟು ಹೊತ್ತು ಬೆಳಕು ಹಿಡಿದಿಟ್ಟುಕೊಳ್ಳುತ್ತದೆ. ನಾನು ಕಂಡ ಮುಸ್ಸಂಜೆಗಳಲ್ಲಿ ಇದಕ್ಕಿಂತ ಚೆಲುವಾದದ್ದು ಇಲ್ಲ.

ನೀರಿನ ನಡುವೆ ಬೋಳು ಬೊಡ್ಡೆಗಳು ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿರುತ್ತವೆ. ಕ್ಯಾಮೆರಾ ಹಿಡಿದು ಬಂದವರೆಲ್ಲ ಮೊದಲು ತೆಗೆಯುವುದು ಇದೇ ಚಿತ್ರವನ್ನು. ಆ ಬೊಡ್ಡೆಗಳು ಒಂದು ಕಾಲಕ್ಕೆ ಕಾಡಿನ ಮರಗಳು. ನೀರಿನಡಿ ಗಾಳಿ ತಾಗದ ಮರ ಬೇಗ ಕೊಳೆಯುವುದಿಲ್ಲ. ಹಾಗಾಗಿ ಅರವತ್ತು ವರ್ಷ ಕಳೆದರೂ ಅವು ನಿಂತಲ್ಲೇ ನಿಂತಿವೆ. ನಡುಗಡ್ಡೆಗಳೆಂದು ನಾವು ಕರೆಯುವುದು ಗುಡ್ಡಗಳ ನೆತ್ತಿಗಳನ್ನು. ಆ ಗುಡ್ಡಗಳ ಬುಡದಲ್ಲಿ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನ ಇದ್ದವು.

ದಂಡೆಯ ಮೇಲೊಬ್ಬರು ಅಜ್ಜಿ ಸಿಕ್ಕಿದರು, ಮೊಮ್ಮಗನ ಜೊತೆ ಬಂದಿದ್ದರು. ಮುಳುಗಡೆಯಾದಾಗ ಇನ್ನೂ ಸಣ್ಣ ಹುಡುಗಿಯಂತೆ. "ಅಗಾ, ಆ ಬೊಡ್ಡೆ ಆಚೆಗೆ ನಮ್ಮ ಕಣ ಇತ್ತು ಮಗಾ" ಎಂದು ಕೈ ಚಾಚಿದರು. ನನಗೆ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಅವರು ಮಾತ್ರ ಕಣದಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಬಾವಿ, ಬಾವಿಯಿಂದ ಪಕ್ಕದ ಮನೆ ಎಂದು ತೋರಿಸುತ್ತಲೇ ಹೋದರು. ಲಾರಿ ಹತ್ತುವಾಗ ಅವರ ಅಮ್ಮ ಒಲೆಗೆ ನೀರು ಹಾಕಿ ಆರಿಸಿ ಬಂದದ್ದನ್ನು ಹೇಳುವಾಗ ದನಿ ನಡುಗಿತು. ಆಮೇಲೆ ತಾವೇ, "ಈಗ ನೋಡಕ್ಕೆ ಚೆಂದ ಐತೆ ಬಿಡು" ಎಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಅವರಿಗೂ ಅದು ಚೆಂದವಾಗಿಯೇ ಕಾಣುತ್ತಿತ್ತು.

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು, ಜೋಗದ ಮೊದಲ ವಿದ್ಯುದಾಗಾರಕ್ಕೆಂದು 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಈ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿ ತುಂಬಿದ ಮೇಲೆ ಹತ್ತು ಘಟಕಗಳ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಾಡಿಗೆ ಬೆಳಕು ಕೊಟ್ಟಿತು. ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ ಎಂದು ದಿನವೂ ಓದುತ್ತೇವೆ. ನೀರು ಆ ಮಟ್ಟಕ್ಕೆ ಏರಲಿ ಎಂದು ಬೆಂಗಳೂರು ಹಾರೈಸುತ್ತದೆ. ಆ ಏರಿಕೆಯ ಲೆಕ್ಕದಲ್ಲೇ ಊರುಗಳು ಖಾಲಿಯಾದವು.

ಈ ನೋವನ್ನು ಕನ್ನಡಕ್ಕೆ ಕೊಟ್ಟವರು ಸಾಗರದಲ್ಲಿ ಬದುಕಿದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅವರು ಯೋಜನೆಯನ್ನೂ ಅದು ಎಬ್ಬಿಸಿದ ಜನರನ್ನೂ ಹತ್ತಿರದಿಂದ ಕಂಡವರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು. 2025ರ ಜನವರಿಯಲ್ಲಿ ಡಿಸೋಜ ತೀರಿಕೊಂಡರು. ಅವರು ಬರೆದ ಸಂಕಟ ಇನ್ನೂ ಕಡತಗಳಲ್ಲಿದೆ.

ನಿರಾಶ್ರಿತರಾದವರನ್ನು ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ತಂದು ಬಿಟ್ಟರು. ಅವರು ಕಾಡು ಕಡಿದು ಗದ್ದೆ ಮಾಡಿದರು, ಮಕ್ಕಳ ಮದುವೆ ಮಾಡಿದರು, ಮುದುಕರಾದರು. ದಾಖಲೆಯಲ್ಲಿ ಮಾತ್ರ ಅನೇಕರ ಜಮೀನು ಇವತ್ತಿಗೂ ಅರಣ್ಯವೇ. ಅದನ್ನು ಅರಣ್ಯ ಪಟ್ಟಿಯಿಂದ ಕೈಬಿಟ್ಟ ಸರ್ಕಾರದ ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಮಾಡಿತು. 1980ರ ಅರಣ್ಯ ಸಂರಕ್ಷಣೆ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲ ಎಂಬುದು ಕಾರಣ. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಒಪ್ಪಿಗೆ ಪಡೆಯಬೇಕಾಗಿದ್ದವರು ಮನೆ ಕಳೆದುಕೊಂಡವರಲ್ಲ.

ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯವರ ಪಾಡು ಇನ್ನೊಂದು ಬಗೆಯದು. ಅವರ ಊರು ಮುಳುಗಲಿಲ್ಲ, ದಾರಿ ಮುಳುಗಿತು. ಹೆರಿಗೆ ನೋವಿರಲಿ, ಹಾವು ಕಚ್ಚಿರಲಿ, ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟೆಗೂ ಸೇತುವೆಗೂ ನಡುವೆ ಎರಡು ತಲೆಮಾರು ಸರಿದುಹೋಗಿತ್ತು. ಈಗ ಅದೇ ಸೇತುವೆಯ ಮೇಲೆ ಸಂಜೆ ಹೊತ್ತು ಕಾರು ನಿಲ್ಲಿಸಿ ಸೂರ್ಯಾಸ್ತ ನೋಡುತ್ತಾರೆ.

ನೋಡಲಿ. ಇಲ್ಲಿನ ಚೆಲುವಿಗೆ ಬೆನ್ನು ಹಾಕಿದರೆ ಯಾರ ಕಣವೂ ಮರಳಿ ಬರುವುದಿಲ್ಲ. ನನ್ನ ಕಳವಳ ಬೇರೆ: ನೀರು ಚೆಂದ ಕಂಡಷ್ಟೂ ಅದು ಮೊದಲಿನಿಂದ ಹೀಗೇ ಇತ್ತು ಅನ್ನಿಸತೊಡಗುತ್ತದೆ. ಆ ಮರೆವಿನಲ್ಲೇ ಹೊಸ ಯೋಜನೆಗಳು ಹುಟ್ಟುತ್ತವೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಇದೇ ಶರಾವತಿ ಕಣಿವೆಗೆ, ಸಿಂಗಳೀಕಗಳ ಕಾಡಿಗೆ ತರಲು ಹೊರಟಿದ್ದಾರೆ. ಕಣಿವೆಯ ಜನ ಅದನ್ನು ವಿರೋಧಿಸುತ್ತಿದ್ದಾರೆ. ಆ ವಿರೋಧವನ್ನು ಅಭಿವೃದ್ಧಿಯ ದ್ವೇಷ ಎನ್ನುವವರು ಒಮ್ಮೆ ಮೇ ತಿಂಗಳಲ್ಲಿ ಬಂದು, ಇಂಥ ಒಬ್ಬರು ಅಜ್ಜಿಯ ಜೊತೆ ದಂಡೆಯುದ್ದಕ್ಕೂ ನಡೆಯಬೇಕು.

ಹೊರಡುವ ಮುಂಚೆ ಅಜ್ಜಿಯ ಮೊಮ್ಮಗನನ್ನು ಅವರ ಜಮೀನಿನ ಬಗ್ಗೆ ಕೇಳಿದೆ. "ಅರ್ಜಿ ಕೊಟ್ಟಿದೀವಿ ಸಾರ್. ಅಜ್ಜ ಕೊಟ್ಟಿದ್ದ, ಅಪ್ಪ ಕೊಟ್ಟ, ಈಗ ನಂದೂ ಐತೆ" ಎಂದ.