ಅವ್ವ ಕೇಳಿದ ಗೋಡಂಬಿ, ದಾದರ್ ಕೊಟ್ಟ ಗೋಡಂಬಿ

ತಂಗಿಯ ಬಾಣಂತನಕ್ಕೆಂದು ಧಾರವಾಡದಿಂದ ಠಾಣೆಗೆ ಬಂದ ಅವ್ವ, ಅಂಟಿನ ಉಂಡಿಯ ಸಾಮಾನಿಗೆ ನನ್ನನ್ನೂ ದಾದರ್ ಮಾರ್ಕೆಟ್ಟಿಗೆ ಎಳೆದುಕೊಂಡು ಹೋದಳು. ಅಂಟು, ಉತ್ತತ್ತಿ, ಒಣಕೊಬ್ಬರಿ ಆಯಿತು. 'ಪಾವ್ ಕಿಲೊ ಗೋಡಂಬಿ' ಎಂದಳು. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಸಣ್ಣ, ಚಪ್ಪಟೆ, ಕಂದು ಬೀಜಗಳು. 'ಇದೇನಪಾ, ಗೋಡಂಬಿ ಅಂದ್ರ ಇದನ್ನ ಕಟ್ಯಾನಲ್ಲ!'

ಅಂಗಡಿಯವನ ತಪ್ಪಲ್ಲ. ನಮ್ಮ ಗೋಡಂಬಿ ಇಲ್ಲಿ ಕಾಜು. ಮರಾಠಿಯಲ್ಲಿ ಗೋಡಂಬಿ ಎಂದರೆ ಬಿಬ್ಬದ ಒಳತಿರುಳು. ಬಿಬ್ಬ ಎಂದರೆ ನಮ್ಮ ಕರಿಗೇರು, ಆಯುರ್ವೇದದ ಭಲ್ಲಾತಕ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಪ್ಪು ಕಾಯಿ. ಅದು ಈ ನೆಲದ್ದು. ಕಾಜು ಪೋರ್ಚುಗೀಸರೊಡನೆ 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ಬಂದದ್ದು. ಹೊಸಬ ಹಳಬನ ಹೆಸರನ್ನೇ ಹೊತ್ತುಕೊಂಡ ಎಂಬುದು ನನ್ನ ಊಹೆ. ಲ್ಯಾಟಿನ್ನಿನಲ್ಲೂ ಹಾಗೇ ಆಗಿದೆ: 'ಅನಕಾರ್ಡಿಯಂ' ಮೊದಲು ಕರಿಗೇರಿನ ಹೆಸರು, ಲಿನೇಯಸ್ ಅದನ್ನು ಕಾಜು ಮರಕ್ಕೆ ಕೊಟ್ಟ.

ತಿರುಳು ರುಚಿಯೇ. ಇಲ್ಲಿಯವರು ಚಳಿಗಾಲದ ಡಿಂಕಾಚೆ ಲಾಡುವಿಗೆ ತುಪ್ಪದಲ್ಲಿ ಹುರಿದು ಹಾಕುತ್ತಾರೆ. ತೊಂದರೆ ಇರುವುದು ಸಿಪ್ಪೆಯಲ್ಲಿ. ಅದರ ಕಪ್ಪು ಎಣ್ಣೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಕಾಯಿ ಒಡೆದು ತಿರುಳು ತೆಗೆಯುವ ವಿದರ್ಭದ ಹೆಂಗಸರ ಕೈ ಸುಡುವುದು ಇದರಿಂದಲೇ. ನಾವು ಕೊಡುವ ಬೆಲೆಯಲ್ಲಿ ಆ ಕೈಗೆ ಎಷ್ಟು ಸೇರುತ್ತದೋ! ಜಪಾನಿನವರು ಹುರಿದು ತಿನ್ನುವ ಗಿಂಕ್ಗೊ ಬೀಜದ್ದೂ ಇದೇ ಜಾತಕ: ಮೇಲಿನ ತಿರುಳು ಮೈಗೆ ತುರಿಕೆ, ಒಳಗಿನದು ತಿನಿಸು. ಆದರೆ ಅತಿಯಾದರೆ ಫಿಟ್ಸ್ ಬರಬಹುದು, ಮಕ್ಕಳಿಗಂತೂ ಹೆಚ್ಚು.

ಪಕ್ಕದ ಮನೆಯ ಕಾಕು ಪೊಟ್ಟಣ ನೋಡಿ ಖುಷಿಪಟ್ಟು, ಅವ್ವನ ಮೊಣಕಾಲು ನೋವಿಗೆ ಇಡೀ ಬಿಬ್ಬವನ್ನೇ ಬಿಸಿ ಮಾಡಿ ಚುಕ್ಕೆ ಇಡಲು ಹೇಳಿದರು. ಅವ್ವ ಸಿದ್ಧಳೇ ಇದ್ದಳು. ನಾನು ಅಡ್ಡ ಬಂದೆ. ಚರಕ ಸಂಹಿತೆ ಇದನ್ನು ರಸಾಯನಗಳಲ್ಲಿ ಸೇರಿಸಿದೆ, ನಿಜ. ಆದರೆ ವೈದ್ಯರು ಕಾಯಿಯನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕಿ, ಎಣ್ಣೆ ಇಳಿಸಿ ಶುದ್ಧಿ ಮಾಡಿಯೇ ಬಳಸುತ್ತಾರೆ. ಪಿತ್ತ ಪ್ರಕೃತಿಯವರಿಗೆ, ಗರ್ಭಿಣಿಯರಿಗೆ, ಬೇಸಗೆಯಲ್ಲಿ ಬೇಡವೆನ್ನುತ್ತಾರೆ. 1945ರ ಔಷಧ ನಿಯಮಗಳ ಇ(1) ಪಟ್ಟಿಯಲ್ಲಿ ಭಲ್ಲಾತಕ ವಿಷದ್ರವ್ಯವೆಂದೇ ದಾಖಲಾಗಿದೆ. ಇದನ್ನೆಲ್ಲ ಹೇಳಿದಾಗ, 'ನಮ್ಮಜ್ಜಿ ಹಚ್ಚತಿದ್ಲು' ಎಂದಳು ಅವ್ವ. ಅಜ್ಜಿಯ ಕಾಲ ಮೇಲೆ ಕಪ್ಪು ಕಲೆಗಳಿದ್ದವು, ಅದು ನನಗೂ ನೆನಪಿದೆ.

ಕೊನೆಗೆ ಮೊಣಕಾಲಿಗೆ ಎಳ್ಳೆಣ್ಣೆ ಬಂತು. ಬಾಣಂತಿಯ ಉಂಡಿಗೆ ಬಾದಾಮಿ. ಪೊಟ್ಟಣ ಕಾಕು ಮನೆಗೆ ಹೋಯಿತು. ಎರಡು ದಿನಕ್ಕೆ ಡಬ್ಬಿ ತುಂಬ ಲಾಡು ಮರಳಿ ಬಂತು. ತಂಗಿಗೆ ಕೊಡಲಿಲ್ಲ. ಉಳಿದವರೆಲ್ಲ ತಿಂದೆವು.