ಓರೆ ಮೆಟ್ಟುಗಳ ಬಾಸ್ ಗಿಟಾರ್: ಕುಶಲಕರ್ಮಿಯ ತಿಳಿವಳಿಕೆ ಮತ್ತು ಒಡೆತನದ ಪ್ರಶ್ನೆ

ವಾದ್ಯಗಳ ರೂಪ ಪರಿವರ್ತನೆಯು ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಮಹತ್ವದ ವಿಷಯವಾಗಿದೆ. ಕುಶಲಕರ್ಮಿಯ ತಿಳಿವಳಿಕೆ ಯಾರ ಸ್ವತ್ತು, ಅದು ಎಂದು ಸಮೂಹದ್ದಾಗುತ್ತದೆ ಎಂಬ ಪ್ರಶ್ನೆಗಳನ್ನು ಪರಿಶೀಲಿಸಲು ಬಾಸ್ ಗಿಟಾರಿನ ಓರೆ ಮೆಟ್ಟುಗಳ ಚರಿತ್ರೆ ಒಂದು ಉತ್ತಮ ನಿದರ್ಶನವೆನ್ನಬಹುದು.

ವೀಣೆಯಲ್ಲಿರುವಂತೆ ಸಾಮಾನ್ಯ ಗಿಟಾರಿನಲ್ಲಿಯೂ ಮೆಟ್ಟುಗಳು ಸಮಾಂತರವಾಗಿರುತ್ತವೆ. ಎಲ್ಲ ತಂತಿಗಳ ಮಿಡಿಯುವ ಉದ್ದವೂ ಒಂದೇ. ಅಮೆರಿಕದ ಫೆಂಡರ್ ಸಂಸ್ಥೆ 1951ರಲ್ಲಿ ಹೊರತಂದ ಪ್ರಿಸಿಷನ್ ಬಾಸ್‌ನಲ್ಲಿ ಈ ಉದ್ದ 34 ಅಂಗುಲವಿದ್ದು, ಮುಂದೆ ಅದೇ ಮಾನದಂಡವಾಯಿತು. ಅದರ ನಾಲ್ಕು ತಂತಿಗಳಲ್ಲಿ ಅತ್ಯಂತ ಮಂದ್ರವಾದ 'ಇ' ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. 1980ರ ದಶಕದಲ್ಲಿ ಸುಮಾರು 31 ಕಂಪನಗಳ 'ಬಿ' ತಂತಿಯುಳ್ಳ ಐದು ತಂತಿಯ ಬಾಸ್‌ಗಳು ಬಳಕೆಗೆ ಬಂದಾಗ ಈ ಮಾನದಂಡದ ಮಿತಿ ಕಾಣತೊಡಗಿತು. ಅದೇ ಉದ್ದದಲ್ಲಿ ಸ್ವರವನ್ನು ತಗ್ಗಿಸಲು ತಂತಿಯನ್ನು ಸಡಿಲಿಸಬೇಕು ಅಥವಾ ದಪ್ಪಗೊಳಿಸಬೇಕು. ಸಡಿಲ ತಂತಿ ಮೆಟ್ಟಿಗೆ ತಾಗಿ ಗೊರಗುಟ್ಟುತ್ತದೆ. ದಪ್ಪ ತಂತಿ ಪೆಡಸಾಗಿ ಅದರ ಉಪಸ್ವರಗಳು ಶ್ರುತಿ ತಪ್ಪುತ್ತವೆ. ಅದೇ ತಂತಿಯ ಉದ್ದವನ್ನು 37 ಅಂಗುಲಕ್ಕೆ ಹೆಚ್ಚಿಸಿದರೆ, ಅದೇ ಸ್ವರದಲ್ಲಿ ಬಿಗಿತ ಶೇಕಡಾ 18ರಷ್ಟು ಏರುತ್ತದೆ. ತಾರ ಸ್ವರದ ತೆಳು ತಂತಿಗಳಿಗೆ ಇಷ್ಟು ಉದ್ದ ಬೇಕಿಲ್ಲ. ಸ್ವರಮಂಡಲದಲ್ಲಿರುವಂತೆ ಒಂದೊಂದು ತಂತಿಗೂ ತಕ್ಕ ಉದ್ದವನ್ನು ಕೊಟ್ಟಾಗ ಮೆಟ್ಟುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಳ್ಳುತ್ತವೆ. ನಡುವಿನ ಒಂದು ಮೆಟ್ಟು ಮಾತ್ರ ನೇರವಾಗಿ ನಿಲ್ಲುತ್ತದೆ.

ಈ ಉಪಾಯ ಹಳೆಯದು. 17ನೆಯ ಶತಮಾನದ ಆರಂಭದ ಇಂಗ್ಲೆಂಡಿನ ಆರ್ಫೇರಿಯನ್ ಎಂಬ ಲೋಹತಂತಿಯ ವಾದ್ಯದಲ್ಲಿಯೂ ಓರೆ ಮೆಟ್ಟುಗಳಿದ್ದವು. ಆ ವಾದ್ಯ ಬಳಕೆಯಿಂದ ಮರೆಯಾದಂತೆ ಉಪಾಯವೂ ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾದ ಗಿಟಾರ್ ತಯಾರಕ ರಾಲ್ಫ್ ನೋವಾಕ್ ಅವರು ಆಧುನಿಕ ಗಿಟಾರಿಗೆ ಇದನ್ನು ಅಳವಡಿಸಿ 1989ರಲ್ಲಿ ಪೇಟೆಂಟ್ ಪಡೆದರು. ಅವರಿಂದ ಪರವಾನಗಿ ಪಡೆದ ಕೆನಡಾದ ಸಾಸ್ಕಟೂನ್ ನಗರದ ಶೆಲ್ಡನ್ ಡಿಂಗ್‌ವಾಲ್ ಅವರು 1990ರ ದಶಕದಲ್ಲಿ ಇಂತಹ ಬಾಸ್‌ಗಳನ್ನು ತಯಾರಿಸತೊಡಗಿದರು.

ದೊಡ್ಡ ಕಾರ್ಖಾನೆಗಳು ಇದನ್ನು ಬಹುಕಾಲ ಕೈಗೆತ್ತಿಕೊಳ್ಳಲಿಲ್ಲ. ಪರವಾನಗಿಯ ಜೊತೆಗೆ ತಯಾರಿಕೆಯ ತೊಡಕೂ ಇತ್ತು. ಸಾಲಾಗಿ ಜೋಡಿಸಿದ ಗರಗಸಗಳು ಸಮಾಂತರ ಸೀಳುಗಳನ್ನು ಒಂದೇ ಬಾರಿಗೆ ಕೊಯ್ಯಬಲ್ಲವು. ಓರೆ ಮೆಟ್ಟಿನ ಸೀಳುಗಳಿಗೆ ಒಂದೊಂದಕ್ಕೂ ಬೇರೆ ಕೋನ ಬೇಕು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಈ ತೊಡಕನ್ನು ನಿವಾರಿಸಿದವು. 2000ದ ದಶಕದಲ್ಲಿ ಪೇಟೆಂಟಿನ ಅವಧಿಯೂ ಮುಗಿಯಿತು. ಶ್ರುತಿ ತಗ್ಗಿಸಿ ನುಡಿಸುವ ಮೆಟಲ್ ಸಂಗೀತಗಾರರಿಂದ ಬೇಡಿಕೆಯೂ ಬೆಳೆಯಿತು. ಡಿಂಗ್‌ವಾಲ್ ಸಂಸ್ಥೆ ಚೀನಾದಲ್ಲಿ ಕಂಬಷ್ಚನ್ ಮಾದರಿಯನ್ನು ತಯಾರಿಸಿತು. 2010ರ ದಶಕದಲ್ಲಿ ಜಪಾನಿನ ಐಬನೀಝ್ 35.5ರಿಂದ 34 ಅಂಗುಲದವರೆಗಿನ ಬಾಸ್ ಹೊರತಂದಿತು. ಈ ಅಂತರ ಕಡಿಮೆ. ರೂಢಿಯ ಕೈಗಳಿಗೆ ಹೊಂದಿಕೊಳ್ಳುವುದು ಸುಲಭ.

'ಫ್ಯಾನ್ಡ್ ಫ್ರೆಟ್' ಎಂಬ ಹೆಸರು ನೋವಾಕ್ ಅವರ ವ್ಯಾಪಾರ ಚಿಹ್ನೆಯಾಗಿದ್ದುದರಿಂದ ಇತರ ತಯಾರಕರು 'ಮಲ್ಟಿ ಸ್ಕೇಲ್' ಎಂಬ ಹೆಸರನ್ನು ರೂಢಿಸಿಕೊಂಡರು. ರೂಪ ಎಲ್ಲರದಾದ ಮೇಲೂ ಹೆಸರಿನಲ್ಲಿ ಒಡೆತನದ ಗುರುತು ಉಳಿಯಿತು. ಪೇಟೆಂಟ್ ಈ ತಿಳಿವಳಿಕೆಗೆ ಕೆಲಕಾಲ ಬೇಲಿ ಹಾಕಿತು ಎಂಬುದು ನಿಜ. ಆದರೆ ಅದರ ವಿವರವನ್ನು ಸಾರ್ವಜನಿಕ ದಾಖಲೆಯಾಗಿಸಿದ್ದೂ ಅದೇ ಕಾನೂನು. ಆರ್ಫೇರಿಯನ್ ತಯಾರಕರ ಜಾಣ್ಮೆಯನ್ನು ಇಂದು ಉಳಿದಿರುವ ಕೆಲವೇ ವಾದ್ಯಗಳಿಂದ ಊಹಿಸಬೇಕಾಗಿದೆ. ನೋವಾಕ್ ಅವರದನ್ನು ಯಾರೂ ಓದಿ ತಯಾರಿಸಬಹುದು. ಕುಶಲಕರ್ಮಿಗಳ ಹಕ್ಕನ್ನು ಕುರಿತ ಚರ್ಚೆಯಲ್ಲಿ ರಕ್ಷಣೆಯಷ್ಟೇ ದಾಖಲಾತಿಯೂ ಮುಖ್ಯವೆಂಬುದನ್ನು ಈ ನಿದರ್ಶನ ಸ್ಪಷ್ಟಪಡಿಸುತ್ತದೆ.